ಹೃದಯ ಎಡಗಡೆಯೇ ಇತ್ತು: ಡಿಎನ್‌ಎಎಚ್5 ಜೀನ್‌ನ ಒಂದು ಪ್ರಕರಣ

ಹುಟ್ಟಿ ಹದಿನಾಲ್ಕು ಗಂಟೆಯಾಗಿದ್ದ ಗಂಡುಮಗುವಿನ ಎಕ್ಸ್‌ರೇ ನನ್ನ ಮುಂದಿತ್ತು. ಹೃದಯದ ತುದಿ ಬಲಕ್ಕೆ ತಿರುಗಿತ್ತು. ಜಠರದ ಗಾಳಿಗುಳ್ಳೆಯೂ ಬಲಗಡೆ. ಇಂಥ ಫಿಲ್ಮ್ ನೋಡಿದಾಗ ಮೊದಲು ಬರುವ ಅನುಮಾನ ಒಂದೇ, ತಿರುಗಿಸಿ ಇಟ್ಟಿದ್ದಾರಾ ಅಂತ. ಎಡ-ಬಲದ ಗುರುತು ನೋಡಿದೆ. ಸರಿಯಾಗೇ ಇತ್ತು. ಸ್ಟೆತಸ್ಕೋಪ್ ಇಟ್ಟು ಕೇಳಿದೆ. ಬಡಿತ ಬಲಗಡೆಯೇ ಜೋರಾಗಿತ್ತು.

ಮಗು ಪೂರ್ತಿ ತಿಂಗಳು ತುಂಬಿ ಹುಟ್ಟಿತ್ತು. ತೂಕ ಚೆನ್ನಾಗಿತ್ತು. ಹುಟ್ಟಿದ ಕೂಡಲೇ ಅತ್ತಿತ್ತು, ಹಾಲು ಕುಡಿದಿತ್ತು. ಸುಮಾರು ಹನ್ನೆರಡು ಗಂಟೆ ಕಳೆದ ಮೇಲೆ ಉಸಿರು ಜೋರಾಯಿತು, ಪಕ್ಕೆ ಒಳಕ್ಕೆ ಎಳೆಯತೊಡಗಿತು, ಆಮ್ಲಜನಕ ಬೇಕಾಯಿತು. ಬಲ ಶ್ವಾಸಕೋಶದ ಮೇಲಿನ ಭಾಗ ಕುಗ್ಗಿ ಬೆಳ್ಳಗಾಗಿತ್ತು.

ತಾಯಿ ಹಾಸಿಗೆಯ ಪಕ್ಕ ನಿಂತಿದ್ದರು. "ಡಾಕ್ಟ್ರೇ, ಇವನ ಅಕ್ಕನಿಗೂ ಹುಟ್ಟಿದಾಗ ಹೀಗೇ ಆಗಿತ್ತು. ಆದರೆ ಅವಳ ಹೃದಯ ಸರಿಯಾದ ಕಡೆಯೇ ಇದೆ" ಅಂದರು.

ಆ "ಆದರೆ" ನನಗೆ ಚುಚ್ಚಿತು. ಯಾಕಂದರೆ ಆ ಅಕ್ಕನ ಫೈಲ್ ನನಗೆ ಗೊತ್ತಿತ್ತು. ಆ ಹುಡುಗಿಗೆ ಆಗ ಎಂಟು ವರ್ಷ. ಎರಡು ವರ್ಷದ ಹಿಂದೆ ನಾನೇ ಅವಳನ್ನು ನೋಡಿದ್ದೆ. ಎದೆಯ ಎಕ್ಸ್‌ರೇ ನೋಡಿ "ಹೃದಯದ ಜಾಗ ಸಹಜ" ಅಂತ ಬರೆದಿದ್ದೆ. ಆ ಒಂದು ಸಾಲು ಬರೆದ ಮೇಲೆ ನಾನು ಯೋಚಿಸಲೇಬೇಕಿದ್ದ ಒಂದು ಕಾಯಿಲೆಯನ್ನು ಯೋಚಿಸುವುದು ಬಿಟ್ಟೆ.

ಕುಟುಂಬದ ಗುರುತು ಸಿಗಬಾರದೆಂದು ಇಲ್ಲಿ ಅವರನ್ನು ಅಕ್ಕ, ತಮ್ಮ ಅಂತಲೇ ಕರೆಯುತ್ತೇನೆ.

ಅಕ್ಕನ ಎಂಟು ವರ್ಷ

ಅಂದು ಸಂಜೆ ಅಕ್ಕನ ಹಳೆಯ ಕಾಗದಗಳನ್ನೆಲ್ಲ ತರಿಸಿ ಮೊದಲ ಹಾಳೆಯಿಂದ ಓದಿದೆ. ಹುಟ್ಟಿದ ದಿನದ ಟಿಪ್ಪಣಿಯಲ್ಲಿ "ಶ್ವಾಸಕೋಶದಲ್ಲಿ ನೀರು ಉಳಿದಿದೆ, ತಾನೇ ಸರಿಹೋಗುತ್ತದೆ" ಅಂತಿತ್ತು. ಇದು ನವಜಾತ ಶಿಶುಗಳಲ್ಲಿ ಮಾಮೂಲಿ. ಆದರೆ ಆ ತೊಂದರೆ ಹುಟ್ಟಿದ ಒಂದೆರಡು ಗಂಟೆಯಲ್ಲೇ ಶುರುವಾಗುತ್ತದೆ, ಸಾಮಾನ್ಯವಾಗಿ ಎರಡು-ಮೂರು ದಿನದಲ್ಲಿ ಮುಗಿಯುತ್ತದೆ. ಇವಳಿಗೆ ಶುರುವಾಗಿದ್ದು ಅರ್ಧ ದಿನ ಕಳೆದ ಮೇಲೆ. ಆಮ್ಲಜನಕ ಬೇಕಾಗಿದ್ದು ಹನ್ನೊಂದು ದಿನ. ಹನ್ನೊಂದನೇ ದಿನದ ಹಾಳೆಯಲ್ಲೂ ಮೊದಲ ದಿನದ ಹೆಸರೇ ಮುಂದುವರಿದಿತ್ತು.

ಆಮೇಲೆ ಮೂಗು. ಹುಟ್ಟಿದಾಗಿನಿಂದ ಕಟ್ಟಿದ ಮೂಗು. ನೆಗಡಿ ಅಂದರೆ ಬರುತ್ತೆ, ಹೋಗುತ್ತೆ ಅಲ್ವಾ? ಇವಳಿಗೆ ಹೋಗಿದ್ದೇ ಇಲ್ಲ. ಬೇಸಿಗೆ, ಮಳೆ, ಚಳಿ ಯಾವುದೂ ಲೆಕ್ಕವಿಲ್ಲ. ಕೆಮ್ಮೂ ಹಾಗೇ. ಒಣ ಕೆಮ್ಮಲ್ಲ, ಗೊರಗೊರ ಅನ್ನುವ ಕಫದ ಕೆಮ್ಮು. ಮಲಗಿದರೆ ಜಾಸ್ತಿ, ಬೆಳಿಗ್ಗೆ ಎದ್ದರೆ ಜಾಸ್ತಿ, ಓಡಿದರೆ ಜಾಸ್ತಿ. ತಾಯಿ ಒಂದು ಕಡೆ ಹೇಳಿದ್ದನ್ನು ಯಾರೋ ಹಾಗೇ ಬರೆದುಕೊಂಡಿದ್ದರು: "ಕೆಮ್ಮದೆ ಇರೋ ದಿನ ನೆನಪಿಲ್ಲ."

ಒಂದೂವರೆ ವರ್ಷಕ್ಕೆ ಕಿವಿಯ ಪರದೆಯ ಹಿಂದೆ ಅಂಟಂಟು ದ್ರವ ತುಂಬಿಕೊಂಡಿತ್ತು. ಮೂರು ವರ್ಷಕ್ಕೆ ಪರದೆಯಲ್ಲಿ ಸಣ್ಣ ಕೊಳವೆ ಇಟ್ಟರು. ಅದಾದ ಮೇಲೆ ಕಿವಿ ತಿಂಗಳುಗಟ್ಟಲೆ ಸೋರಿತು. ನಾಲ್ಕು ವರ್ಷದೊಳಗೆ ಮೂರು ಸಲ ನ್ಯುಮೋನಿಯಾ, ಮೂರೂ ಸಲ ಬಲ ಶ್ವಾಸಕೋಶದ ನಡುಭಾಗದಲ್ಲೇ. ನಾಲ್ಕಕ್ಕೆ "ಆಸ್ತಮಾ" ಎಂಬ ಹೆಸರು ಬಿತ್ತು. ಇನ್‌ಹೇಲರ್ ಶುರುವಾಯಿತು. ಕೆಲಸ ಮಾಡಲಿಲ್ಲ. ಡೋಸ್ ಹೆಚ್ಚಿಸಿದರು. ಆಗಲೂ ಮಾಡಲಿಲ್ಲ.

ಆರನೇ ವರ್ಷಕ್ಕೆ ನನ್ನ ಹತ್ತಿರ ಬಂದಳು. ನಾನು ಸಿಸ್ಟಿಕ್ ಫೈಬ್ರೋಸಿಸ್ (ಶ್ವಾಸಕೋಶದಲ್ಲಿ ದಪ್ಪ ಕಫ ಕಟ್ಟಿಕೊಳ್ಳುವ ಆನುವಂಶಿಕ ಕಾಯಿಲೆ) ಇರಬಹುದು ಅಂತ ಬೆವರಿನ ಪರೀಕ್ಷೆ ಮಾಡಿಸಿದೆ. ಸಹಜ ಬಂತು. ರೋಗನಿರೋಧಕ ಶಕ್ತಿಯ ಪರೀಕ್ಷೆ ಮಾಡಿಸಿದೆ. ಅದೂ ಸಹಜ. ಅಲ್ಲಿಗೆ ನಿಲ್ಲಿಸಿದೆ.

ಸಿಲಿಯಾ (ಉಸಿರಿನ ದಾರಿಯ ಒಳಗೋಡೆಯ ಅತಿಸಣ್ಣ ಕೂದಲುಗಳು) ಕೆಲಸ ಮಾಡದ ಕಾಯಿಲೆಗೆ, ಅಂದರೆ ಪ್ರೈಮರಿ ಸಿಲಿಯರಿ ಡಿಸ್ಕಿನೇಸಿಯಾಗೆ, ಕೇಳಬೇಕಾದ ಪ್ರಶ್ನೆ ನಾಲ್ಕು. ತಿಂಗಳು ತುಂಬಿ ಹುಟ್ಟಿದ ಮಗುವಿಗೆ ಕಾರಣ ತಿಳಿಯದ ಉಸಿರಿನ ತೊಂದರೆ ಆಗಿತ್ತಾ? ಆರು ತಿಂಗಳೊಳಗೆ ಶುರುವಾಗಿ ವರ್ಷಪೂರ್ತಿ ಇರುವ ಕಫದ ಕೆಮ್ಮು ಇದೆಯಾ? ಹಾಗೇ ವರ್ಷಪೂರ್ತಿ ಮೂಗು ಕಟ್ಟಿರುತ್ತಾ? ಒಳಗಿನ ಅಂಗಗಳು ಅದಲುಬದಲಾಗಿವೆಯಾ? ಇವುಗಳಲ್ಲಿ ಎರಡಕ್ಕೆ ಹೌದು ಅಂದರೂ ಪರೀಕ್ಷೆ ಮಾಡಿಸಬೇಕು. ಅಕ್ಕನಿಗೆ ಮೂರು ಹೌದು ಇತ್ತು. ನಾಲ್ಕನೆಯದು ಇಲ್ಲ ಅನ್ನೋದೇ ನಮ್ಮೆಲ್ಲರ ಕಣ್ಣಿಗೆ ಬಿದ್ದಿದ್ದು.

ಇದಕ್ಕೊಂದು ಹಳೆಯ ಕಾರಣ ಇದೆ. 1933ರಲ್ಲಿ ಜ್ಯೂರಿಚ್‌ನ ಮಾನೆಸ್ ಕಾರ್ಟಗೇನರ್ ನಾಲ್ವರು ರೋಗಿಗಳ ಬಗ್ಗೆ ಬರೆದರು. ಸೈನಸ್ ತೊಂದರೆ, ಹಿಗ್ಗಿದ ಶ್ವಾಸನಾಳ, ಅದಲುಬದಲಾದ ಅಂಗಗಳು ಮೂರೂ ಒಟ್ಟಿಗೆ ಇದ್ದವರು ಅವರು. ಕಾಯಿಲೆಗೆ ಕಾರ್ಟಗೇನರ್ ಸಿಂಡ್ರೋಮ್ ಅಂತ ಹೆಸರಾಯಿತು. ಓದುವಾಗ ನಾವೆಲ್ಲ ಅದನ್ನೇ ಬಾಯಿಪಾಠ ಮಾಡಿದೆವು, "ಬಲಗಡೆ ಹೃದಯ" ಅಂತ. ಆದರೆ ಈ ಕಾಯಿಲೆ ಇರುವವರಲ್ಲಿ ಸರಿಸುಮಾರು ಅರ್ಧ ಜನರಿಗೆ ಹೃದಯ ಎಡಗಡೆಯೇ ಇರುತ್ತದೆ. ಅವರು ಆ ಹೆಸರಿನ ಹೊರಗೇ ಉಳಿದುಬಿಡುತ್ತಾರೆ. ಎಡಗಡೆ ಹೃದಯ ಇರುವವರಲ್ಲಿ ಕಾಯಿಲೆ ಪತ್ತೆಯಾಗುವುದು ತಡವಾಗಲು ಇದೇ ದೊಡ್ಡ ಕಾರಣ ಅಂತ ನಾನು ನಂಬುತ್ತೇನೆ.

ಕೆಟ್ಟಿದ್ದು ಯಾವ ಮೋಟಾರು?

ಮುಂದಿನ ಪರೀಕ್ಷೆಗಳು ಅರ್ಥವಾಗಬೇಕಾದರೆ ಸಿಲಿಯಾ ಒಳಗೆ ಸ್ವಲ್ಪ ಹೋಗಬೇಕು. ನನಗೆ ತುಂಬಾ ಇಷ್ಟವಾದ ಭಾಗ ಇದು, ಹಾಗಾಗಿ ನಿಧಾನವಾಗೇ ಹೇಳುತ್ತೇನೆ.

ಮೂಗಿನಿಂದ ಹಿಡಿದು ಶ್ವಾಸಕೋಶದ ಸಣ್ಣ ನಾಳಗಳ ತನಕ ಒಳಗೋಡೆಯ ಜೀವಕೋಶಗಳ ಮೇಲೆ ಅತಿಸಣ್ಣ ಕೂದಲುಗಳಿವೆ. ಅವೇ ಸಿಲಿಯಾ. ಒಂದೊಂದು ಜೀವಕೋಶದ ಮೇಲೆ ಇನ್ನೂರಕ್ಕೂ ಮೇಲೆ. ಉದ್ದ ಸುಮಾರು 6ರಿಂದ 7 ಮೈಕ್ರೋಮೀಟರ್, ಅಂದರೆ ನೂರೈವತ್ತು ಸಿಲಿಯಾ ಉದ್ದಕ್ಕೆ ಜೋಡಿಸಿಟ್ಟರೆ ಒಂದು ಮಿಲಿಮೀಟರ್ ಆಗಬಹುದು. ಇವು ಸೆಕೆಂಡಿಗೆ 10ರಿಂದ 15 ಸಲ ಬಡಿಯುತ್ತವೆ. ಗದ್ದೆಯ ಪೈರು ಗಾಳಿಗೆ ಬಾಗಿದ ಹಾಗೆ ಒಂದರ ಹಿಂದೆ ಒಂದು. ಮೇಲೆ ಕೂತ ಕಫ, ಅದರಲ್ಲಿ ಸಿಕ್ಕಿದ ದೂಳು, ರೋಗಾಣು ಎಲ್ಲ ಗಂಟಲಿನ ಕಡೆಗೆ ಸಾಗುತ್ತವೆ. ನಮಗೆ ಗೊತ್ತಾಗದೆ ನುಂಗಿಬಿಡುತ್ತೇವೆ. ಶ್ವಾಸಕೋಶ ಶುಚಿಯಾಗಿರುವುದು ಹೀಗೆ.

ಒಂದು ಸಿಲಿಯಾವನ್ನು ಅಡ್ಡಕ್ಕೆ ಕೊಯ್ದು ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಚಕ್ರದಂಥ ಚಿತ್ರ ಕಾಣುತ್ತದೆ. ಸುತ್ತ ಒಂಬತ್ತು ಜೋಡಿ ಕೊಳವೆ, ನಡುವೆ ಎರಡು ಒಂಟಿ ಕೊಳವೆ. ಪ್ರತಿ ಜೋಡಿಯಿಂದಲೂ ಪಕ್ಕದ ಜೋಡಿಯ ಕಡೆ ಎರಡು ಪುಟ್ಟ ಕೈಗಳು ಚಾಚಿರುತ್ತವೆ. ಒಂದು ಹೊರಕೈ, ಒಂದು ಒಳಕೈ. ಆ ಕೈಗಳೇ ಡೈನೀನ್ ಎಂಬ ಮೋಟಾರ್ ಪ್ರೋಟೀನ್. ಅದನ್ನು ಒಂದು ಏಕಕೋಶ ಜೀವಿಯ ಸಿಲಿಯಾದಿಂದ ಬೇರ್ಪಡಿಸಿ, 1965ರಲ್ಲಿ ಡೈನೀನ್ ಅಂತ ಹೆಸರಿಟ್ಟಿದ್ದು ಇಯನ್ ಗಿಬ್ಬನ್ಸ್.

ಈ ಕೈಗೆ ಬುಡ ಇದೆ, ತಲೆ ಇದೆ. ಬುಡ ಒಂದು ಜೋಡಿಗೆ ಗಟ್ಟಿಯಾಗಿ ಅಂಟಿಕೊಂಡಿರುತ್ತದೆ. ತಲೆಯಲ್ಲಿ ಆರು ತುಣುಕು ಸೇರಿ ಆದ ಒಂದು ಉಂಗುರ. ಉಂಗುರದಿಂದ ಸಣ್ಣ ಕಡ್ಡಿ ಹೊರಟು ಪಕ್ಕದ ಜೋಡಿಯನ್ನು ಮುಟ್ಟುತ್ತದೆ. ಉಂಗುರ ಜೀವಕೋಶದ ಇಂಧನವಾದ ಎಟಿಪಿಯನ್ನು ಒಡೆದು ಶಕ್ತಿ ಪಡೆದಾಗ ಕಡ್ಡಿ ಹಿಡಿಯುತ್ತದೆ, ಎಳೆಯುತ್ತದೆ, ಬಿಡುತ್ತದೆ, ಮತ್ತೆ ಹಿಡಿಯುತ್ತದೆ. ಪಕ್ಕದ ಜೋಡಿ ಜಾರುತ್ತದೆ. ಆದರೆ ಜೋಡಿಗಳನ್ನೆಲ್ಲ ಒಂದಕ್ಕೊಂದು ಕಟ್ಟಿ ಹಾಕಿರುವುದರಿಂದ ಪೂರ್ತಿ ಜಾರಿಹೋಗಲು ಆಗುವುದಿಲ್ಲ. ಜಾರಲಾಗದ್ದು ಬಾಗುತ್ತದೆ. ಹೀಗೆ ಸಿಲಿಯಾ ಬಡಿಯುತ್ತದೆ.

ಹೊರಕೈಗಳು 24 ನ್ಯಾನೋಮೀಟರಿಗೆ ಒಂದರಂತೆ ಸಾಲಾಗಿ ಕೂತಿರುತ್ತವೆ. ಒಂಬತ್ತು ಜೋಡಿಗೂ ಲೆಕ್ಕ ಹಾಕಿ ನೋಡಿ, ಒಂದೇ ಸಿಲಿಯಾದಲ್ಲಿ ಎರಡು ಸಾವಿರದ ಆಸುಪಾಸು. ಮನುಷ್ಯರಲ್ಲಿ ಪ್ರತಿ ಹೊರಕೈಗೂ ಎರಡು ಭಾರಿ ಸರಪಳಿ, ಅಂದರೆ ಎರಡು ದೊಡ್ಡ ಮೋಟಾರ್ ಭಾಗಗಳಿರುತ್ತವೆ. ಅದರಲ್ಲೊಂದನ್ನು ಬರೆದಿಟ್ಟ ಜೀನ್‌ನ ಹೆಸರೇ ಡಿಎನ್‌ಎಎಚ್5. ಐದನೇ ಕ್ರೋಮೋಸೋಮ್‌ನ ಗಿಡ್ಡ ತೋಳಿನಲ್ಲಿ ಇದರ ಜಾಗ. 79 ತುಣುಕುಗಳಲ್ಲಿ ಹರಡಿದ ದೊಡ್ಡ ಜೀನ್ ಇದು. ಇದು ಕೊಡುವ ಪ್ರೋಟೀನಿನಲ್ಲಿ 4,624 ಅಮೈನೋ ಆಮ್ಲಗಳಿವೆ.

ಇನ್ನೊಂದು ವಿಷಯ ಹೇಳಲೇಬೇಕು. ಸಿಲಿಯಾದ ಬುಡದ ಕಡೆ ಡಿಎನ್‌ಎಎಚ್5ಗೆ ಜೊತೆಗಾರ ಡಿಎನ್‌ಎಎಚ್11. ತುದಿಯ ಕಡೆ ಜೊತೆಗಾರ ಡಿಎನ್‌ಎಎಚ್9. ಜೊತೆಗಾರ ಬದಲಾಗುತ್ತಾನೆ, ಡಿಎನ್‌ಎಎಚ್5 ಮಾತ್ರ ಬುಡದಿಂದ ತುದಿಯವರೆಗೂ ಬೇಕು. ಹಾಗಾಗಿ ಅದೊಂದು ಇಲ್ಲದಿದ್ದರೆ ಉದ್ದಕ್ಕೂ ಹೊರಕೈ ಕೂರುವುದೇ ಇಲ್ಲ. ಇಲ್ಲದಿರುವುದು ಒಂದೇ ಭಾಗ, ಆದರೆ ಇಡೀ ಮೋಟಾರೇ ಜೋಡಣೆಯಾಗುವುದಿಲ್ಲ.

1976ರಲ್ಲಿ ಸ್ವೀಡನ್ನಿನ ಬಿಯೋರ್ನ್ ಆಫ್ಸೇಲಿಯಸ್ ಕಂಡಿದ್ದು ಇದೇ ಚಿತ್ರವನ್ನು. ಚಲಿಸದ ವೀರ್ಯಾಣುಗಳಿದ್ದ ಗಂಡಸರನ್ನು ಪರೀಕ್ಷಿಸುತ್ತಾ ಹೋದಾಗ ಡೈನೀನ್ ಕೈಗಳೇ ಇಲ್ಲದಿರುವುದು ಕಾಣಿಸಿತು. ಅವರಲ್ಲಿ ಹಲವರಿಗೆ ಎದೆಯ ಸೋಂಕು, ಸೈನಸ್ ತೊಂದರೆಯೂ ಇತ್ತು. ವೀರ್ಯಾಣುವಿನ ಬಾಲ, ಮೂಗಿನ ಸಿಲಿಯಾ ಎರಡರ ಒಳಗಟ್ಟೂ ಒಂದೇ ತಾನೇ. ಕಾರ್ಟಗೇನರ್ ಹೊರಗಿನಿಂದ ಕಂಡಿದ್ದಕ್ಕೆ ಒಳಗಿನ ಕಾರಣ ಸಿಕ್ಕಿದ್ದು ಅಲ್ಲಿ. ಡಿಎನ್‌ಎಎಚ್5ರ ತಪ್ಪುಗಳಿಂದ ಈ ಕಾಯಿಲೆ ಬರುತ್ತದೆ ಅಂತ ಗೊತ್ತಾಗಿದ್ದು 2002ರಲ್ಲಿ. ಈಗ ಈ ಕಾಯಿಲೆಗೆ ಕಾರಣವಾಗುವ ಐವತ್ತಕ್ಕೂ ಹೆಚ್ಚು ಜೀನ್‌ಗಳು ಗೊತ್ತಿವೆ. ಜಾಸ್ತಿ ಸಲ ಸಿಗುವವುಗಳಲ್ಲಿ ಡಿಎನ್‌ಎಎಚ್5 ಒಂದು.

ಪರೀಕ್ಷೆಗಳು

ತಮ್ಮ ಇನ್ನೂ ಆಮ್ಲಜನಕದಲ್ಲಿದ್ದಾಗಲೇ ಅಕ್ಕನ ಪರೀಕ್ಷೆ ಶುರು ಮಾಡಿದೆವು. ದೊಡ್ಡವಳಾದ್ದರಿಂದ ಅವಳಲ್ಲೇ ಸುಲಭ.

ಮೊದಲು ಮೂಗಿನ ನೈಟ್ರಿಕ್ ಆಕ್ಸೈಡ್. ಮೂಗಿಗೆ ಮೆತ್ತನೆ ಕೊಳವೆ ಹಿಡಿದು, ಬಾಯಿಂದ ಊದಿಸುತ್ತಾ, ಮೂಗಿನ ಗಾಳಿಯನ್ನು ಮಾತ್ರ ಯಂತ್ರ ಎಳೆದುಕೊಳ್ಳುತ್ತದೆ. ಈ ಕಾಯಿಲೆ ಇರುವ ಹೆಚ್ಚಿನವರಲ್ಲಿ ಆ ಅನಿಲ ತುಂಬಾ ಕಡಿಮೆ ಇರುತ್ತದೆ. ನಿಮಿಷಕ್ಕೆ 77 ನ್ಯಾನೋಲೀಟರಿಗಿಂತ ಕೆಳಗಿದ್ದರೆ ಅನುಮಾನ ಬಲವಾಗುತ್ತದೆ. ಅವಳದು ಮೊದಲ ಸಲ 16, ಬೇರೆ ದಿನ ಮತ್ತೆ ಮಾಡಿದಾಗ 19. ಸಿಸ್ಟಿಕ್ ಫೈಬ್ರೋಸಿಸ್‌ನಲ್ಲೂ ಇದು ಕಡಿಮೆ ಬರಬಹುದು. ಹಾಗಾಗಿ ಹಳೆಯ ಬೆವರಿನ ಪರೀಕ್ಷೆಯ ಸಹಜ ಫಲಿತಾಂಶ ಈಗ ಕೆಲಸಕ್ಕೆ ಬಂತು.

ಎರಡನೆಯದು ಸಿಲಿಯಾವನ್ನೇ ನೋಡುವುದು. ಹೊಸದಾಗಿ ನೆಗಡಿ, ಸೋಂಕು ಆಗಿದ್ದರೆ ಒಳ್ಳೆಯ ಸಿಲಿಯಾ ಕೂಡ ಹಾಳಾಗಿ ಕಾಣುತ್ತವೆ. ಅದಕ್ಕೆ ಕೆಲವು ವಾರ ಕಾದೆವು. ಆಮೇಲೆ ಸಣ್ಣ ಬ್ರಷ್‌ನಿಂದ ಮೂಗಿನ ಒಳಗೋಡೆ ಸವರಿ ಜೀವಕೋಶ ತೆಗೆದೆವು. ಒಂದೆರಡು ಸೆಕೆಂಡಿನ ಕೆಲಸ, ಕಣ್ಣಲ್ಲಿ ನೀರು ಬರುತ್ತದೆ ಅಷ್ಟೇ. ಜೀವಕೋಶಗಳನ್ನು ಬೆಚ್ಚಗಿನ ದ್ರವದಲ್ಲಿಟ್ಟು, ಸೆಕೆಂಡಿಗೆ 500 ಚಿತ್ರ ಹಿಡಿಯುವ ಕ್ಯಾಮೆರಾದಲ್ಲಿ ಸೆರೆಹಿಡಿದು, ನಿಧಾನಗತಿಯಲ್ಲಿ ಓಡಿಸಿದೆವು.

ಅಕ್ಕನಿಗೂ ತೋರಿಸಿದೆ. ಮೊದಲು ಆರೋಗ್ಯವಂತರ ಸಿಲಿಯಾದ ವಿಡಿಯೋ. ಅಲೆಅಲೆಯಾಗಿ ಬಡಿಯುತ್ತಿತ್ತು. "ಚೆನ್ನಾಗಿದೆ" ಅಂದಳು. ಆಮೇಲೆ ಅವಳದೇ. ಜೀವಕೋಶದ ಅಂಚಿನಲ್ಲಿ ಸಾಲಾಗಿ ಕೂದಲು ನಿಂತಿದ್ದವು. ನೆಟ್ಟಗೆ. ಅಲ್ಲೊಂದು ಇಲ್ಲೊಂದು ಬುಡದಲ್ಲಿ ಸ್ವಲ್ಪ ನಡುಗುತ್ತಿತ್ತು, ಬಡಿಯುತ್ತಿರಲಿಲ್ಲ. ಅವಳು ಕಾಯ್ದಳು. "ವಿಡಿಯೋ ನಿಂತುಹೋಗಿದೆಯಾ?" ಅಂತ ಕೇಳಿದಳು. ನಿಂತಿರಲಿಲ್ಲ. ಪರದೆಯ ಮೂಲೆಯಲ್ಲಿ ಒಂದು ಕಣ ತೇಲಿಕೊಂಡು ಹೋಗುತ್ತಿತ್ತು. ಅದನ್ನು ಬೆರಳಿಟ್ಟು ತೋರಿಸಿದೆ. ಅವಳ ತಂದೆ ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತರು.

ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ವರದಿ ಬರಲು ಇನ್ನೂ ಕೆಲವು ವಾರ ಹಿಡಿಯಿತು. ಒಂಬತ್ತು ಜೋಡಿ ಇದ್ದವು, ನಡುವಿನ ಎರಡೂ ಇದ್ದವು, ಒಳಕೈಗಳೂ ಇದ್ದವು. ನೋಡಿದ ಹೆಚ್ಚುಕಡಿಮೆ ಎಲ್ಲ ಸೀಳುಗಳಲ್ಲೂ ಹೊರಕೈ ಇರಲಿಲ್ಲ. ಡಿಎನ್‌ಎಎಚ್5 ಪ್ರೋಟೀನಿಗೆ ಅಂಟಿ ಹೊಳೆಯುವ ಬಣ್ಣ ಹಾಕಿ ನೋಡಿದಾಗಲೂ ಸಿಲಿಯಾ ಕತ್ತಲಾಗೇ ಉಳಿಯಿತು.

ಈ ಚಿತ್ರ ಸಹಜವಾಗಿ ಬಂದಿದ್ದರೂ ಕಾಯಿಲೆ ಇಲ್ಲ ಅಂತ ಹೇಳಲು ಆಗುತ್ತಿರಲಿಲ್ಲ. ಡಿಎನ್‌ಎಎಚ್11ರಲ್ಲಿ ತಪ್ಪಿದ್ದರೆ ಕೈಗಳು ಕಾಣುತ್ತವೆ, ಆದರೆ ಸರಿಯಾಗಿ ಬಡಿಯುವುದಿಲ್ಲ. ಅದಕ್ಕೇ ಒಂದೇ ಪರೀಕ್ಷೆಯನ್ನು ನಂಬಿ ಬಾಗಿಲು ಮುಚ್ಚಬಾರದು. ಇದನ್ನು ಜೋರಾಗಿ ಹೇಳುವುದಕ್ಕೆ ಕಾರಣ ಇದೆ. ಒಂದು ಎಕ್ಸ್‌ರೇ ನಂಬಿ ನಾನು ಎರಡು ವರ್ಷ ಕಳೆದವಳು.

ಜೀನ್ ವರದಿಯ ಎರಡು ಸಾಲು

ಅಕ್ಕ, ತಮ್ಮ ಇಬ್ಬರ ರಕ್ತವನ್ನೂ ಜೀನ್ ಪರೀಕ್ಷೆಗೆ ಕಳಿಸಿದ್ದೆವು. ಇಬ್ಬರಲ್ಲೂ ಡಿಎನ್‌ಎಎಚ್5ರಲ್ಲಿ ಅದೇ ಎರಡು ಬದಲಾವಣೆ.

ಮೊದಲನೆಯದು ಈ ಜೀನ್‌ನಲ್ಲಿ ಮೊದಲೇ ಚೆನ್ನಾಗಿ ಗೊತ್ತಿರುವ ತಪ್ಪು. 10,815ನೇ ಅಕ್ಷರ, ಒಂದು "ಟಿ", ಬಿದ್ದುಹೋಗಿದೆ. ಒಂದೇ ಅಕ್ಷರ. ಆದರೆ ಜೀವಕೋಶ ಜೀನ್ ಓದುವುದು ಮೂರು ಮೂರು ಅಕ್ಷರ ಸೇರಿಸಿ. "ಅವಳ ಎದೆಯ ಕಫವ ತೆಗೆದೆ" ಎಂಬ ಸಾಲು ತಗೊಳ್ಳಿ. ಪ್ರತಿ ಪದವೂ ಮೂರಕ್ಷರ. ಎರಡನೇ ಪದದ "ದೆ" ತೆಗೆದು, ಮತ್ತೆ ಮೂರು ಮೂರಾಗಿ ಓದಿ: "ಅವಳ ಎಯಕ ಫವತೆ ಗೆದೆ". ಅಕ್ಷರ ಬಿದ್ದ ಜಾಗದಿಂದ ಮುಂದಕ್ಕೆ ಎಲ್ಲವೂ ಅರ್ಥವಿಲ್ಲದ್ದು. ಇಲ್ಲೂ ಹಾಗೇ. 3,606ನೇ ಅಮೈನೋ ಆಮ್ಲದಿಂದ ಓದು ಜಾರುತ್ತದೆ, ಸ್ವಲ್ಪ ಮುಂದೆಯೇ "ನಿಲ್ಲು" ಎಂಬ ಸಂಕೇತ ಸಿಕ್ಕಿಬಿಡುತ್ತದೆ. ಪ್ರೋಟೀನಿನ ಉಳಿದ ಸಾವಿರ ಅಮೈನೋ ಆಮ್ಲ ಬರುವುದೇ ಇಲ್ಲ.

ಎರಡನೆಯದು ತಲೆನೋವು. ಒಂದು ಅಕ್ಷರದ ಜಾಗದಲ್ಲಿ ಇನ್ನೊಂದು, ಅದರಿಂದ ಒಂದು ಅಮೈನೋ ಆಮ್ಲ ಬದಲು. ಇದು ತೊಂದರೆ ಕೊಡುತ್ತದಾ, ಸುಮ್ನೆ ಇರುತ್ತದಾ? ಲ್ಯಾಬ್ "ಅರ್ಥ ಖಚಿತವಿಲ್ಲ" ಅಂತ ಬರೆದಿತ್ತು. ಇಷ್ಟು ಉದ್ದದ ಜೀನ್‌ನಲ್ಲಿ ಇಂಥ ಬದಲಾವಣೆ ಆರೋಗ್ಯವಂತರಲ್ಲೂ ಬೇಕಾದಷ್ಟು ಸಿಗುತ್ತವೆ. ಆ ಸಾಲು ಓದಿ ತಂದೆ ಕೇಳಿದರು, "ಹಾಗಾದರೆ ಇನ್ನೂ ಗೊತ್ತಿಲ್ಲ ಅಂತಲಾ?"

ಈ ಕಾಯಿಲೆ ಬರಬೇಕಾದರೆ ಜೀನ್‌ನ ಎರಡೂ ಪ್ರತಿ ಕೆಟ್ಟಿರಬೇಕು, ಅಪ್ಪನಿಂದ ಬಂದಿದ್ದೂ ಅಮ್ಮನಿಂದ ಬಂದಿದ್ದೂ. ಎರಡು ಬದಲಾವಣೆಗಳೂ ಒಂದೇ ಪ್ರತಿಯಲ್ಲಿದ್ದರೆ ಇನ್ನೊಂದು ಪ್ರತಿ ಸರಿಯಾಗಿದೆ ಅಂತ ಅರ್ಥ. ಹಾಗಾಗಿ ತಂದೆ-ತಾಯಿಯ ರಕ್ತ ನೋಡಲೇಬೇಕಿತ್ತು. ತಂದೆಯಲ್ಲಿ ಬಿದ್ದುಹೋದ ಅಕ್ಷರ ಸಿಕ್ಕಿತು. ತಾಯಿಯಲ್ಲಿ ಬದಲಾದ ಅಕ್ಷರ. ಅಂದರೆ ಮಕ್ಕಳಿಬ್ಬರಲ್ಲೂ ಎರಡು ಪ್ರತಿಗೂ ಒಂದೊಂದು. ಇದರ ಜೊತೆಗೆ ಹೊರಕೈ ಇಲ್ಲದ ಚಿತ್ರ, ಕತ್ತಲಾಗಿ ಉಳಿದ ಸಿಲಿಯಾ, ಒಂದೇ ಜೋಡಿ ಬದಲಾವಣೆ ಇರುವ ಇಬ್ಬರು ಮಕ್ಕಳಿಗೂ ಕಾಯಿಲೆ. ಇಷ್ಟನ್ನೂ ಲ್ಯಾಬ್‌ಗೆ ಬರೆದು ಕಳಿಸಿದೆವು. ಅವರು ವರದಿ ತಿದ್ದಿದರು. ಎರಡನೇ ಸಾಲು "ಬಹುತೇಕ ರೋಗಕಾರಕ" ಅಂತಾಯಿತು.

ವರದಿಯಲ್ಲಿ "ಖಚಿತವಿಲ್ಲ" ಅಂತ ಬಂದರೆ ಕೆಲವರು ಅದನ್ನು ಕಾಯಿಲೆ ಅಂದುಕೊಳ್ಳುತ್ತಾರೆ, ಕೆಲವರು ಕಾಯಿಲೆ ಇಲ್ಲ ಅಂದುಕೊಳ್ಳುತ್ತಾರೆ. ಎರಡೂ ಸರಿಯಲ್ಲ. ಮಗುವಿನ ಹತ್ತಿರ, ಮೈಕ್ರೋಸ್ಕೋಪಿನ ಹತ್ತಿರ, ಅಪ್ಪ-ಅಮ್ಮನ ರಕ್ತದ ಹತ್ತಿರ ವಾಪಸ್ ಹೋಗಿ ಕೇಳಬೇಕು.

ಒಂದೇ ತಪ್ಪು, ಹೃದಯ ಮಾತ್ರ ಬೇರೆ ಕಡೆ

"ನನಗೂ ತಮ್ಮನಿಗೂ ಒಂದೇ ತೊಂದರೆ ಅಂದ್ರೆ, ನನ್ನ ಹೃದಯ ಯಾಕೆ ಈ ಕಡೆ ಇದೆ?" ಅಂತ ಅಕ್ಕ ಕೇಳಿದಳು. ಇಡೀ ಪ್ರಕರಣದಲ್ಲಿ ಯಾರೂ ಇದಕ್ಕಿಂತ ಒಳ್ಳೆಯ ಪ್ರಶ್ನೆ ಕೇಳಲಿಲ್ಲ.

ಭ್ರೂಣಕ್ಕೆ ಮೂರು ವಾರ ಆಗುವ ಹೊತ್ತಿಗೆ ಅದು ಇನ್ನೂ ಚಪ್ಪಟೆ ತಟ್ಟೆ. ಎಡ ಯಾವುದು, ಬಲ ಯಾವುದು ಅಂತ ತೀರ್ಮಾನವಾಗಿರುವುದಿಲ್ಲ. ಆಗ ಅದರಲ್ಲಿ ಒಂದು ಸಣ್ಣ ಗುಳಿ ಮೂಡುತ್ತದೆ. ಗುಳಿಯ ತಳದಲ್ಲಿ ಸಿಲಿಯಾ ಇರುತ್ತವೆ. ಇವು ಮೂಗಿನವುಗಳ ಹಾಗೆ ಬಡಿಯುವುದಿಲ್ಲ, ಬುಗುರಿಯಂತೆ ಒಂದೇ ದಿಕ್ಕಿಗೆ ಸುತ್ತುತ್ತವೆ. ಸ್ವಲ್ಪ ಓರೆಯಾಗಿ ನಿಂತಿರುವುದರಿಂದ ಅಲ್ಲಿನ ದ್ರವ ಎಡಕ್ಕೆ ಹರಿಯುತ್ತದೆ. ಆ ಹರಿವಿನ ಸುಳಿವು ಹಿಡಿದು ಎಡಗಡೆಯ ಜೀವಕೋಶಗಳು "ಇದು ಎಡ" ಅಂತ ತಿಳಿಯುತ್ತವೆ. ಹೃದಯ, ಜಠರ, ಯಕೃತ್ತು ಎಲ್ಲವೂ ಅದನ್ನೇ ಅನುಸರಿಸುತ್ತವೆ.

ಇದು ಊಹೆಯಲ್ಲ. 1998ರಲ್ಲಿ ಜಪಾನಿನ ನೊಬುಟಾಕ ಹಿರೊಕಾವಾ ತಂಡ ಇಲಿಯ ಭ್ರೂಣದಲ್ಲಿ ಈ ಎಡಹರಿವನ್ನು ಕಂಡಿತು. ಕೈನೆಸಿನ್ ಎಂಬ ಇನ್ನೊಂದು ಮೋಟಾರಿನ ಒಂದು ಭಾಗ ತೆಗೆದ ಇಲಿಗಳಲ್ಲಿ ಆ ಸಿಲಿಯಾಗಳೇ ಬೆಳೆಯಲಿಲ್ಲ, ಹರಿವೂ ಇರಲಿಲ್ಲ, ಹೃದಯ ಯಾವ ಕಡೆಗೆ ಬೇಕಾದರೂ ತಿರುಗುತ್ತಿತ್ತು. 2002ರ ಪ್ರಯೋಗವಂತೂ ನನಗೆ ಈಗಲೂ ಬೆರಗು. ಇಲಿಯ ಭ್ರೂಣಗಳ ಮೇಲೆ ಹೊರಗಿನಿಂದ ಪಂಪ್ ಇಟ್ಟು ದ್ರವವನ್ನು ಬಲಕ್ಕೆ ಹರಿಸಿದರು. ಆರೋಗ್ಯವಂತ ಭ್ರೂಣಗಳಲ್ಲೇ ಎಡ-ಬಲ ಅದಲುಬದಲಾಯಿತು.

ಡಿಎನ್‌ಎಎಚ್5 ಆ ಗುಳಿಯ ಸಿಲಿಯಾಗೂ ಬೇಕು. ಅದು ಕೆಟ್ಟರೆ ಸಿಲಿಯಾ ಸುತ್ತುವುದಿಲ್ಲ, ದ್ರವ ಹರಿಯುವುದಿಲ್ಲ, ಎಡ ಯಾವುದು ಅಂತ ಹೇಳುವವರಿಲ್ಲ. ಆಗ ನಾಣ್ಯ ಚಿಮ್ಮಿದ ಹಾಗೆ. ಅರ್ಧ ಮಕ್ಕಳಲ್ಲಿ ಎಡಕ್ಕೆ, ಉಳಿದವರಲ್ಲಿ ಹೆಚ್ಚಿನವರಿಗೆ ಪೂರ್ತಿ ಬಲಕ್ಕೆ. ಕೆಲವರಲ್ಲಿ ಅರ್ಧಂಬರ್ಧ ಕಲಸಿಹೋಗುತ್ತದೆ, ಅಂಥವರಲ್ಲಿ ಹೃದಯದ ರಚನೆಯಲ್ಲೇ ದೋಷ ಇರಬಹುದು. ಈ ಕಾಯಿಲೆ ಇರುವ ತದ್ರೂಪಿ ಅವಳಿಗಳಲ್ಲೇ ಒಬ್ಬರ ಹೃದಯ ಎಡಕ್ಕೆ, ಇನ್ನೊಬ್ಬರದು ಬಲಕ್ಕೆ ಇದ್ದದ್ದು ದಾಖಲಾಗಿದೆ.

ಹೀಗಾಗಿ ಅಕ್ಕನ ಹೃದಯ ಎಡಗಡೆ ಇರುವುದು ಅವಳ ಮೋಟಾರ್ ಕೆಲಸ ಮಾಡಿತು ಅನ್ನುವುದಕ್ಕೆ ಸಾಕ್ಷಿಯಲ್ಲ. ಅವಳ ಗುಳಿಯಲ್ಲೂ ಸಿಲಿಯಾ ನಿಂತೇ ಇದ್ದವು. ನಾಣ್ಯ ಎಡಕ್ಕೆ ಬಿತ್ತು, ಅಷ್ಟೇ. ಅದನ್ನೇ ನಾನು "ಸಹಜ" ಅಂತ ಬರೆದಿದ್ದೆ.

ಈಗ ಮಾಡುತ್ತಿರುವುದು

ಹೊರಕೈಯನ್ನು ವಾಪಸ್ ಕೂರಿಸುವ ಔಷಧಿ ಇಲ್ಲ. ಜೀನ್ ಹೊತ್ತೊಯ್ಯಲು ಸಾಮಾನ್ಯವಾಗಿ ಬಳಸುವ ಎಎವಿ ಎಂಬ ವೈರಸ್‌ನಲ್ಲಿ ಹಿಡಿಸುವುದು ಸುಮಾರು 4,700 ಅಕ್ಷರ. ಡಿಎನ್‌ಎಎಚ್5ರ ಪ್ರೋಟೀನ್ ಬರೆಯಲು ಬೇಕಾಗುವುದು 13,800ಕ್ಕಿಂತ ಜಾಸ್ತಿ. ಹಿಡಿಸುವುದೇ ಇಲ್ಲ. ಇದೇ ಹೊರಕೈಯ ಇನ್ನೊಂದು ಸಣ್ಣ ಭಾಗವಾದ ಡಿಎನ್‌ಎಐ1ಗೆ ಎಂಆರ್‌ಎನ್‌ಎಯನ್ನು (ಪ್ರೋಟೀನ್ ತಯಾರಿಸಲು ಜೀವಕೋಶ ಓದುವ ಜೀನ್‌ನ ನಕಲು) ಉಸಿರಿನ ಮೂಲಕ ಕೊಡುವ ಪ್ರಯೋಗ ಮನುಷ್ಯರಲ್ಲಿ ಶುರುವಾಗಿದೆ. ಈ ಕುಟುಂಬಕ್ಕೆ ಅದನ್ನು ಹೇಳಿದೆ, ಆದರೆ ನಿಮ್ಮ ಜೀನ್ ಅದಲ್ಲ ಅಂತಲೂ ಅದೇ ಉಸಿರಿನಲ್ಲಿ ಹೇಳಿದೆ.

ಮೊದಲು ಬಿಡಿಸಿದ್ದು ಕೆಮ್ಮಿನ ಸಿರಪ್. ಸಿಲಿಯಾ ನಿಂತಿರುವ ಮಗುವಿಗೆ ಕಫ ಹೊರಹಾಕಲು ಉಳಿದಿರುವ ಒಂದೇ ದಾರಿ ಕೆಮ್ಮು. ಅದನ್ನು ಅಡಗಿಸಿದರೆ ಕಫ ಒಳಗೇ ಕೂರುತ್ತದೆ. ಎಂಟು ವರ್ಷ ಅವಳ ಕೆಮ್ಮನ್ನು ಎಲ್ಲರೂ ಕಾಯಿಲೆ ಅಂದುಕೊಂಡಿದ್ದರು. ಅವಳನ್ನು ಕಾಪಾಡಿದ್ದೇ ಅದು. ಇದನ್ನು ಕೇಳಿ ತಾಯಿ ಅತ್ತುಬಿಟ್ಟರು. ರಾತ್ರಿಯೆಲ್ಲ "ಕೆಮ್ಮಬೇಡ, ಮಲಗು" ಅಂತ ಗದರಿಸಿದ್ದು ನೆನಪಾಯಿತಂತೆ.

ಸಿಟಿ ಸ್ಕ್ಯಾನ್‌ನಲ್ಲಿ ಬಲ ಶ್ವಾಸಕೋಶದ ನಡುಭಾಗದ ನಾಳಗಳು ಹಿಗ್ಗಿದ್ದವು. ಆ ಭಾಗ ಮೊದಲಿನಂತಾಗುವುದು ಕಷ್ಟ, ಉಳಿದದ್ದನ್ನು ಕಾಯಬೇಕು. ಈಗ ದಿನಕ್ಕೆ ಎರಡು ಸಲ ಉಪ್ಪುನೀರಿನ ನೆಬ್ಯುಲೈಸರ್, ಆಮೇಲೆ ಎದೆಯ ಫಿಸಿಯೋಥೆರಪಿ. ನೀರು ತುಂಬಿದ ಬಾಟಲಿಗೆ ಕೊಳವೆ ಹಾಕಿ ಗುಳುಗುಳು ಊದುತ್ತಾಳೆ. ಊದುವಾಗ ಬರುವ ಹಿಮ್ಮುಖ ಒತ್ತಡ ಮುಚ್ಚಿಕೊಂಡ ನಾಳಗಳನ್ನು ತೆರೆಯುತ್ತದೆ. ನಂತರ ಕನ್ನಡಿಗೆ ಆವಿ ಹಿಡಿಸುವ ಹಾಗೆ "ಹಾ" ಅಂತ ಉಸಿರು ಬಿಟ್ಟು ಕಫ ಮೇಲೆ ತರುತ್ತಾಳೆ. ಓಟ, ಜಿಗಿತ ಎಷ್ಟಾದರೂ ಮಾಡಲಿ ಅಂದಿದ್ದೇನೆ. ಮೂರು ತಿಂಗಳಿಗೊಮ್ಮೆ ಕಫದ ಕಲ್ಚರ್ ಮಾಡಿ, ಬೆಳೆದ ರೋಗಾಣುವಿಗೆ ತಕ್ಕ ಆ್ಯಂಟಿಬಯಾಟಿಕ್ ಕೊಡುತ್ತೇವೆ. ಆದರೂ ಮೊದಲ ವರ್ಷ ಸೋಂಕು ಮೇಲಿಂದ ಮೇಲೆ ಬಂತು. ಆಗ ವಾರಕ್ಕೆ ಮೂರು ದಿನದ ಅಜಿತ್ರೋಮೈಸಿನ್ ಶುರು ಮಾಡಿದೆವು. 2020ರಲ್ಲಿ ಪ್ರಕಟವಾದ, 90 ಮಂದಿಯ ಮೇಲಿನ ಆರು ತಿಂಗಳ ಪ್ರಯೋಗದಲ್ಲಿ ಇದು ಸೋಂಕು ಉಲ್ಬಣಿಸುವುದನ್ನು ಅರ್ಧಕ್ಕಿಂತ ಕಡಿಮೆ ಮಾಡಿತ್ತು. ಆಸ್ತಮಾ ಇನ್‌ಹೇಲರ್ ನಿಲ್ಲಿಸಿದೆವು. ನಿಲ್ಲಿಸಿದ್ದರಿಂದ ಏನೂ ಬದಲಾಗಲಿಲ್ಲ. ಕಿವಿಗೆ ಮತ್ತೆ ಕೊಳವೆ ಬೇಡ ಅಂತ ತೀರ್ಮಾನಿಸಿ ಶ್ರವಣ ಸಾಧನ ಕೊಟ್ಟೆವು. ಶಾಲೆಯಲ್ಲಿ "ಗಮನ ಕೊಡುವುದಿಲ್ಲ" ಅಂತ ಬರುತ್ತಿದ್ದ ದೂರು ನಿಂತಿತು.

ತಮ್ಮನಿಗೆ ಒಂಬತ್ತು ದಿನ ಆಮ್ಲಜನಕ ಬೇಕಾಯಿತು. ಎಕೋದಲ್ಲಿ ಹೃದಯದ ರಚನೆ ಸರಿ ಇತ್ತು, ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿತ್ತು ಅಷ್ಟೇ. ಯಕೃತ್ತು ಎಡಕ್ಕೆ, ಗುಲ್ಮ ಬಲಕ್ಕೆ. ಇದರಿಂದಲೇ ತೊಂದರೆ ಏನಿಲ್ಲ. ಆದರೆ ಮುಂದೆ ಅಪೆಂಡಿಕ್ಸ್ ನೋವು ಬಂದರೆ ಎಡಗಡೆ ಬರುತ್ತದೆ, ಅದು ಅವನ ಎಲ್ಲ ಕಾಗದದಲ್ಲೂ ದೊಡ್ಡದಾಗಿ ಬರೆದಿರಬೇಕು. ಅವನಿಗೀಗ ಎರಡು ವರ್ಷ. ಮೊದಲ ತಿಂಗಳಿಂದಲೇ ಎದೆಯ ಫಿಸಿಯೋಥೆರಪಿ ಆಗುತ್ತಿದೆ. ನ್ಯುಮೋನಿಯಾ ಒಂದೇ ಸಲ ಬಂದಿದೆ. ಅಕ್ಕನಿಗೆ ಸಿಗದ ಎಂಟು ವರ್ಷ ಅವನಿಗೆ ಸಿಕ್ಕಿದೆ.

ಹೋದ ಭೇಟಿಯಲ್ಲಿ ತಾಯಿ ಇನ್ನೊಂದು ಮಗುವಿನ ಬಗ್ಗೆ ಕೇಳಿದರು. ಪ್ರತಿ ಸಲವೂ ನಾಲ್ಕರಲ್ಲಿ ಒಂದು ಸಾಧ್ಯತೆ, ಹಿಂದಿನ ಇಬ್ಬರಿಗೆ ಬಂದಿದೆ ಅಂತ ಅದು ಕಡಿಮೆಯಾಗುವುದಿಲ್ಲ ಅಂದೆ. ಅಕ್ಕ ಪಕ್ಕದಲ್ಲೇ ಕೂತು ಕೇಳಿಸಿಕೊಳ್ಳುತ್ತಿದ್ದಳು. ಅವಳಿಗೆ ಈಗ ಹತ್ತು. "ನನ್ನ ಮಕ್ಕಳಿಗೆ?" ಅಂದಳು. ನಿನ್ನಿಂದ ಒಂದು ಕೆಟ್ಟ ಪ್ರತಿ ಹೋಗೇ ಹೋಗುತ್ತೆ ಪುಟ್ಟ, ಆದರೆ ಅವರ ಅಪ್ಪನಿಂದ ಸರಿಯಾದ ಪ್ರತಿ ಬಂದರೆ ಈ ಕಾಯಿಲೆ ಬರುವುದಿಲ್ಲ ಅಂತ ಹೇಳಿದೆ. ಅವಳು ಬಾಟಲಿಯ ಕೊಳವೆ ಬಾಯಿಗಿಟ್ಟುಕೊಂಡು ಊದಲು ಶುರು ಮಾಡಿದಳು. ತಮ್ಮ ಗುಳ್ಳೆ ನೋಡಿ ಚಪ್ಪಾಳೆ ತಟ್ಟಿದ.